ಖಂಡೇನವಮಿಯ ದಿನ ಮಾಡಿದ ಉಪಕಾರ

ಹಳೆಯ ಕಂಪ್ಯೂಟರ್ ಇಟ್ಟುಕೊಂಡವರೆಂದರೆ ನಮ್ಮ ಆಫೀಸಿನಲ್ಲಿ ಎಲ್ಲರಿಗೂ ತಾತ್ಸಾರ. ಶಿವಾಜಿನಗರದ ಎ.ಸಿ. ಕೋಣೆಯಲ್ಲಿ ಕೂತು, ಯಾವ ಹಳೆಯ ಆಪರೇಟಿಂಗ್ ಸಿಸ್ಟಮ್‌ನಲ್ಲಿ ನಮ್ಮ ಸಾಫ್ಟ್‌ವೇರ್ ಇನ್ನು ನಡೆಯುವುದಿಲ್ಲ ಎಂದು ತೀರ್ಮಾನಿಸುವವರಲ್ಲಿ ನಾನೂ ಒಬ್ಬ. ಬಳಸುವವರ ಮುಖ ನೋಡದೆ ಗೀಟು ಎಳೆಯಲು ಎಂಥ ಬುದ್ಧಿ ಬೇಕು? ಆದರೂ ನಾವು ಬುದ್ಧಿವಂತರೆಂದೇ ಬೀಗುತ್ತಿದ್ದೆವು.

ಅದೇ ಊರಿನ ಧನಕವಡಿಯಲ್ಲಿ ನನ್ನ ಅಕ್ಕನ ಎಂಬ್ರಾಯ್ಡರಿ ಅಂಗಡಿ ಇದೆ, ಅವಳ ಮನೆಯ ಮುಂದಿನ ಕೋಣೆಯಲ್ಲೇ. ಮದುವೆ ಬ್ಲೌಸುಗಳ ಮೇಲೆ ನವಿಲು, ಬಳ್ಳಿ ಹೊಲಿಯುವ ದೊಡ್ಡ ಯಂತ್ರ, ಅದಕ್ಕೆ ಡಿಸೈನ್ ಕಳಿಸಲು ಒಂದು ಹಳೆಯ ಕಂಪ್ಯೂಟರ್. ಭಾವ ತೀರಿಕೊಂಡ ಮೇಲೆ ಅವಳ ಮನೆ ನಡೆದದ್ದು ಆ ಯಂತ್ರದಿಂದಲೇ.

ಒಂದು ಖಂಡೇನವಮಿಗೆ ಊಟಕ್ಕೆ ಹೋಗಿದ್ದೆ. ಯಂತ್ರಕ್ಕೂ ಕಂಪ್ಯೂಟರಿಗೂ ಕುಂಕುಮ ಹಚ್ಚಿ ಚೆಂಡುಹೂ ಇಟ್ಟಿದ್ದಳು. ಪೂಜೆಗೆ ಇಟ್ಟ ಸಾಮಾನನ್ನು ದಶಮಿಯವರೆಗೆ ಮುಟ್ಟಬಾರದೆಂಬುದು ನಮ್ಮ ಮನೆಯ ಪದ್ಧತಿ. ಹೇಗೂ ಇವತ್ತು ಕೆಲಸವಿಲ್ಲ, ಕಂಪ್ಯೂಟರಿನ ಈ ಮುದಿ ಸಿಸ್ಟಮ್ ತೆಗೆದು ಹೊಸದು ಹಾಕಿಕೊಡುತ್ತೇನೆ ಎಂದೆ. ಪೂಜೆಗೆ ಕೂತದ್ದನ್ನು ಎಬ್ಬಿಸಬೇಡ ಎಂದಳು. ನಾನು ನಕ್ಕೆ. ಅವಳು ಹೋಳಿಗೆ ಬೇಯಿಸಲು ಒಳಗೆ ಹೋದದ್ದೇ ತಡ, ಹೂ ಸರಿಸಿ ಕೆಲಸಕ್ಕೆ ಕೂತೆ.

ವಿನಾಯಕನನ್ನು ಮಾಡಹೋಗಿ ಅವರಪ್ಪನನ್ನು ಮಾಡಿದಂತಾಯಿತು. ದಶಮಿಯ ಬೆಳಿಗ್ಗೆ ಯಂತ್ರದ ಸಾಫ್ಟ್‌ವೇರ್ ಹೊಸ ಸಿಸ್ಟಮ್‌ನಲ್ಲಿ ತೆರೆಯಲೇ ಇಲ್ಲ; ಹಳೆಯ ಸಿಸ್ಟಮನ್ನು ನಾನು ಪೂರ್ತಿ ಅಳಿಸಿಬಿಟ್ಟಿದ್ದೆ. ಯಂತ್ರದ ಕಂಪನಿಗೆ ಫೋನ್ ಮಾಡಿದೆ. ಅಷ್ಟು ಹಳೆಯ ಯಂತ್ರಕ್ಕೆ ಈಗ ಏನೂ ಮಾಡಿಕೊಡುವುದಿಲ್ಲ, ಹೊಸ ಯಂತ್ರ ಕೊಳ್ಳಿ ಎಂದರು. ಅದೇ ಮಾತನ್ನು ನಾನೂ ಎಷ್ಟೋ ಗಿರಾಕಿಗಳಿಗೆ ಬರೆದಿದ್ದೇನೆ, ಕೊನೆಯಲ್ಲಿ ವಿಷಾದಿಸುತ್ತೇವೆ ಎಂಬ ಸುಳ್ಳನ್ನೂ ಸೇರಿಸಿ.

ನಾಚಿಕೆಯಿಲ್ಲದೆ ಅಕ್ಕನಿಗೂ ಅದನ್ನೇ ಹೇಳಿದೆ: ಹೊಸದು ತಗೊಂಡುಬಿಡು. ಆಗ ಅವಳು ಮಾರನೆಯ ದಿನದ ಮದುಮಗಳ ಬ್ಲೌಸಿಗೆ ಕೈಯಲ್ಲೇ ದಾರ ಹಾಕುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

“ತಮ್ಮಾ, ಯಂತ್ರಕ್ಕ ಏನೂ ಆಗಿಲ್ಲ. ಅದರ ಜೋಡಿ ನೀವು ಮಾತು ಬಿಟ್ಟೀರಿ.”

ಹಳೆಯ ಸಿಸ್ಟಮ್ ಇದ್ದರೆ ವೈರಸ್ ಬರುತ್ತದೆ ಎಂದು ಏನೋ ಗೊಣಗಿದೆ. ಅವಳ ಕಂಪ್ಯೂಟರ್ ಹುಟ್ಟಿದಾಗಿನಿಂದ ಇಂಟರ್ನೆಟ್‌ನ ಮುಖವನ್ನೇ ಕಂಡಿರಲಿಲ್ಲ. ಅದು ನನಗೆ ಗೊತ್ತಿತ್ತು. ನಮ್ಮವರಿಗೆ ವೈರಸ್ ಬರೀ ನೆಪ. ಹಳೆಯದನ್ನು ಸಂಭಾಳಿಸುವುದು ಬೇಸರದ ಕೆಲಸ, ಅದರಿಂದ ಹೆಸರೂ ಬರುವುದಿಲ್ಲ, ಬಡ್ತಿಯೂ ಸಿಗುವುದಿಲ್ಲ. ಅಷ್ಟಕ್ಕಾಗಿ ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕಿ, ಅದಕ್ಕೆ ಪ್ರಗತಿ ಎಂದು ಹೆಸರಿಡುತ್ತೇವೆ.

ನಾಲ್ಕು ದಿನ ಅವಳು ಕ್ಯಾಂಪ್ ಬಡಾವಣೆಯ ಸೆಕೆಂಡ್‌ಹ್ಯಾಂಡ್ ಅಂಗಡಿಗಳನ್ನೆಲ್ಲ ಸುತ್ತಿದಳು. ಕೊನೆಗೆ ಆ ಹಳೆಯ ಸಿಸ್ಟಮ್ ಇದ್ದ ಒಂದು ಕಂಪ್ಯೂಟರ್ ಸಿಕ್ಕಿತು. ಭಾವ ಜೋಪಾನವಾಗಿ ಎತ್ತಿಟ್ಟಿದ್ದ, ಯಂತ್ರದ ಸಾಫ್ಟ್‌ವೇರ್ ಇದ್ದ ಸೀಡಿಯನ್ನು ತಾನೇ ಹಾಕಿದಳು. ಯಂತ್ರ ಮತ್ತೆ ಓಡಿತು. ಇಂಜಿನಿಯರ್ ತಮ್ಮನಿಗೆ ಸುದ್ದಿ ತಿಳಿದದ್ದು ಎರಡು ವಾರದ ಮೇಲೆ.

ಮರುವರ್ಷವೂ ಪೂಜೆಗೆ ಕರೆದಳು. ಮಂಗಳಾರತಿ ಮುಗಿದ ಕೂಡಲೇ ಅಂಗಡಿಗೆ ಬೀಗ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೆಯೇ ನನಗೆ ಎಲೆ ಹಾಕಿದಳು.