ಅಕ್ಕತಂಗಿಯರ ನಡುವೆ ತಾರ್ಸಿನಾ

ತಾರ್ಸಿನಾ ಕಲಿತ ತೈವಾನಿ ಭಾಷೆಯ ಮೊದಲ ಮಾತುಗಳೆಲ್ಲ ಬೈಗುಳಗಳೇ. ಜಕಾರ್ತದ ತರಬೇತಿ ಕೇಂದ್ರದಲ್ಲಿ ತಿಂಗಳುಗಟ್ಟಲೆ ಕೂರಿಸಿ ಅವಳಿಗೆ ಚೀನಿ ಕಲಿಸಿದ್ದರು: ಔಷಧಿ ತಗೊಳ್ಳಿ, ಊಟ ಆಯಿತೇ, ನೋವು ಎಲ್ಲಿದೆ. ತೈವಾನಿನ ಲುಕಾಂಗ್ ಎಂಬ ಹಳೆಯ ಬಂದರು ಊರಿಗೆ ಬಂದು, ತಾನು ನೋಡಿಕೊಳ್ಳಬೇಕಾದ ಮುದುಕಿಯ ಎದುರು ನಿಂತು ಅದನ್ನೆಲ್ಲ ಒಪ್ಪಿಸಿದಾಗ, ಮುದುಕಿ ಮಗನ ಕಡೆ ತಿರುಗಿ, "ಇವಳೇನು ರೇಡಿಯೋನಾ?" ಎಂದು ಕೇಳಿದ್ದಳು. ಮುದುಕಿಗೆ ಶಾಲೆಯ ಚೀನಿ ಬಾರದು. ಬರುತ್ತಿದ್ದದ್ದು ಹೆತ್ತವಳ ಬಾಯಿಂದ ಬಂದ ತೈವಾನಿ ಒಂದೇ. ಹಾಗಾಗಿ ತಾರ್ಸಿನಾ ಕಲಿತದ್ದನ್ನೆಲ್ಲ ಗಂಟು ಕಟ್ಟಿ ಮೂಲೆಗಿಟ್ಟು, ಬೈಸಿಕೊಳ್ಳುತ್ತ ಬೈಸಿಕೊಳ್ಳುತ್ತ ಹೊಸದಾಗಿ ಶುರುಮಾಡಿದಳು. ಎರಡನೇ ವರ್ಷಕ್ಕೆ ಮೀನು ಮಾರುವವಳ ಜೊತೆ ಬೀದಿಯಲ್ಲಿ ನಿಂತು ಜಗಳವಾಡುವಷ್ಟು ಮಾತು ಬಂತು. ಐದನೇ ವರ್ಷಕ್ಕೆ ಮುದುಕಿ ಕನಸಿನಲ್ಲಿ ಕನವರಿಸುವುದೂ ತಿಳಿಯತೊಡಗಿತು.

ಮುದುಕಿಯ ಹೆಸರು ಅಖಿಮ್. ತಾರ್ಸಿನಾ ಮಾತ್ರ ಅಜ್ಜಿ ಎಂಬರ್ಥದಲ್ಲಿ 'ಅಮಾ' ಎನ್ನುತ್ತಿದ್ದಳು. ಅಮಾ ಕಡಲ ದಂಡೆಯಲ್ಲಿ ಕೂತು ಸಿಂಪಿ ಒಡೆದು ಒಡೆದೇ ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದವಳು. ತಾರ್ಸಿನಾ ಜಾವಾದ ಇಂದ್ರಮಾಯುವಿನ ಮೀನುಗಾರರ ಕೇರಿಯವಳು. ಮೀನಿನ ಕಿವಿರು ಎತ್ತಿ ನೋಡಿ ಇಬ್ಬರೂ ಒಂದೇ ಥರ ಮೂಗು ಮುರಿಯುತ್ತಿದ್ದರು. ಅವರ ನಂಟು ಗಟ್ಟಿಯಾದದ್ದು ಅಲ್ಲಿಂದಲೇ.

ಆ ವರ್ಷ ನವೆಂಬರಿನಲ್ಲಿ ಒಂದು ಬೆಳಿಗ್ಗೆ ಗಂಜಿ ಕುಡಿಯುತ್ತಿದ್ದ ಅಮಾ ಇದ್ದಕ್ಕಿದ್ದಂತೆ, "ನಾನು ಕುರಿ ನೋಡ್ಬೇಕು" ಎಂದಳು.

ಮಗ ಬುಂಜಿನ್ ಕೈಯಲ್ಲಿದ್ದ ಚಮಚ ಹಾಗೇ ನಿಂತಿತು. ತಾಯಿಯನ್ನು ಹೊರಗೆ ಕರೆದೊಯ್ಯಲು ಅವನು ಎಷ್ಟೋ ಸಲ ಕೇಳಿ ಕೇಳಿ ಸೋತಿದ್ದ. "ಎಲ್ಲಿ ಕುರಿ, ಅಮ್ಮಾ?"

"ಚಿಂಗ್‌ಜಿಂಗ್ ಬೆಟ್ಟದ ಮೇಲೆ. ಟೀವೀಲಿ ತೋರಿಸಿದ್ರು. ಹುಲ್ಲಿನ ಮೇಲೆ ಓಡಾಡ್ತಿದ್ವು."

ಭಾನುವಾರ ಹೊರಡುವುದೆಂದಾಯಿತು. ಅಮಾ ಮುತ್ತಿನ ಗುಂಡಿಯ ಕುಪ್ಪಸ ತೆಗೆಸಿದಳು, ಕೂದಲಿಗೆ ಎಣ್ಣೆ ಹಾಕಿಸಿದಳು, ಲುಕಾಂಗಿನ ಹಳೇ ಅಂಗಡಿಯಿಂದ ಹೆಸರುಬೇಳೆ ಹಿಟ್ಟಿನ ಅಚ್ಚು ಮಿಠಾಯಿ ಒಂದು ಡಬ್ಬ ತರಿಸಿದಳು. ಕುರಿ ನೋಡಲು ಇಷ್ಟೆಲ್ಲ ಯಾಕೆಂದು ತಾರ್ಸಿನಾ ಯೋಚಿಸುತ್ತಿರುವಾಗಲೇ ಅಮಾ ತನ್ನ ಬೀರುವಿನ ತಳದಿಂದ ಹತ್ತಿ ತುಂಬಿದ ದಪ್ಪ ಕೋಟೊಂದನ್ನು ಎಳೆಸಿ ಅವಳ ಮೈಮೇಲೆ ಎಸೆದಳು.

"ಹಾಕ್ಕೋ. ಅಲ್ಲಿ ಚಳಿ. ನಿನಗೇನಾದ್ರೂ ಆದ್ರೆ ನನ್ನ ಎತ್ತೋರು ಯಾರು?"

"ಇದರೊಳಗೆ ಇನ್ನೂ ಇಬ್ರು ತಾರ್ಸಿನಾ ಹಿಡೀತಾರೆ, ಅಮಾ."

"ಹಿಡೀಲಿ. ಒಬ್ಬಳು ಕೆಲಸ ಮಾಡ್ಲಿ, ಇಬ್ರು ಮಾತಾಡ್ಲಿ."

ಬೆಟ್ಟದ ರಸ್ತೆ ಹಾವಿನಂತೆ ಸುತ್ತಿಕೊಂಡು ಏರಿತು. ಅಮಾಗೆ ತಲೆ ಸುತ್ತಬಹುದೆಂದು ತಾರ್ಸಿನಾ ನಿಂಬೆಹಣ್ಣು, ಚೀಲ, ಒದ್ದೆ ಬಟ್ಟೆ ಎಲ್ಲ ತಂದಿದ್ದಳು. ವಾಂತಿಯಾದದ್ದು ತಾರ್ಸಿನಾಳಿಗೇ. ಅಮಾ ನಿಂಬೆಹಣ್ಣನ್ನು ಅವಳ ಮೂಗಿಗೆ ಹಿಡಿದು, "ದೋಣಿಯವರ ಮಗಳಂತೆ! ದೋಣಿಯವರ ಮಗಳು!" ಎಂದು ಬೆನ್ನು ತಟ್ಟಿದಳು. ಬುಂಜಿನ್ ಮುಂದಿನ ಕನ್ನಡಿಯಲ್ಲಿ ನೋಡಿ ನಗು ತಡೆದುಕೊಂಡ.

ಕಾರಿನ ಬಾಗಿಲು ತೆರೆದದ್ದೇ ಚಳಿ ಒಳಗೆ ನುಗ್ಗಿತು. ಲುಕಾಂಗಿನಲ್ಲೂ ಚಳಿಗಾಲದ ಗಾಳಿ ಉಂಟು, ಆದರೆ ಅದು ಉಪ್ಪು ಮರಳು ಹೊತ್ತು ತಂದು ಮುಖಕ್ಕೆ ಎರಚುವ ಗಾಳಿ. ಇದು ಹಾಗಲ್ಲ. ಸದ್ದಿಲ್ಲದ, ಶುಭ್ರವಾದ, ಆಗತಾನೇ ತೊಳೆದ ತಟ್ಟೆಯಂಥ ಚಳಿ. ತಾರ್ಸಿನಾ ಉಸಿರು ಬಿಟ್ಟಳು. ಬಾಯಿಂದ ಹೊಗೆ ಬಂತು. ಹೆದರಿ ಬಾಯಿ ಮುಚ್ಚಿಕೊಂಡು, ಮತ್ತೆ ನಿಧಾನವಾಗಿ ಬಿಟ್ಟು ನೋಡಿದಳು.

"ನಿನ್ನ ಹೊಗೆ ಆಮೇಲೆ ನೋಡ್ಕೋ, ಕುರ್ಚಿ ಇಳಿಸು" ಎಂದಳು ಅಮಾ.

ಗಾಲಿಕುರ್ಚಿಯನ್ನು ಬೇಲಿಯವರೆಗೆ ತಳ್ಳಿದ್ದಾಯಿತು. ಹಸಿರು ಇಳಿಜಾರಿನಲ್ಲಿ ಕುರಿಗಳು ಮೇಯುತ್ತಿದ್ದವು. ಸುತ್ತಲಿನ ಜನ ಮಕ್ಕಳನ್ನು ಎತ್ತಿ ಫೋಟೋ ತೆಗೆಯುತ್ತಿದ್ದರು. ಅಮಾ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ನೋಡಿದಳು.

"ನೋಡಿದ್ದಾಯ್ತು. ಕೊಳೆ ಮೆತ್ಕೊಂಡಿವೆ. ಈಗ ಚಹಾ."

"ಅಮ್ಮಾ, ಇಷ್ಟು ದೂರ ಬಂದು..."

"ಚಹಾ, ಬುಂಜಿನ್."

ದೊಡ್ಡ ದೊಡ್ಡ ಹೋಟೆಲುಗಳಿದ್ದವು, ಯಾವುದೂ ಆಗಲಿಲ್ಲ. ಅಮಾ ಬೆರಳು ತೋರಿಸಿದ ಕಡೆ ಕಾರು ಹೋಯಿತು: ಇನ್ನೂ ಮೇಲೆ, ಎಡಕ್ಕೆ, ಕೋಸಿನ ಗದ್ದೆ ದಾಟಿ, ತಗಡಿನ ಮಾಡಿನ ಒಂದು ಸಣ್ಣ ಅಂಗಡಿಯ ಮುಂದೆ. ಎಂದೂ ಬಾರದ ದಾರಿ ಅಮಾಗೆ ಇಷ್ಟು ಚೆನ್ನಾಗಿ ಹೇಗೆ ಗೊತ್ತು ಎಂದು ತಾರ್ಸಿನಾಳಿಗೆ ಹೊಳೆಯುವಷ್ಟರಲ್ಲಿ, ಒಳಗಿನಿಂದ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಒಬ್ಬ ಮುದುಕಿ ಹೊರಗೆ ಬಂದಳು. ಅದೇ ಗಲ್ಲ, ಅದೇ ಮೊಂಡು ಮೂಗು. ಅಮಾಳನ್ನೇ ಬಿಸಿಲಿಗೆ ಇಟ್ಟು ಒಣಗಿಸಿದ ಹಾಗೆ.

"ಚಿಕ್ಕಮ್ಮಾ!" ಎಂದ ಬುಂಜಿನ್.

ಅಮಾಗೆ ಒಬ್ಬ ತಂಗಿ ಇರುವುದು ತಾರ್ಸಿನಾಳಿಗೆ ಗೊತ್ತಿತ್ತು, ಗೋಡೆಯ ಫೋಟೋದಲ್ಲಿ ನೋಡಿದ್ದಳು. ಹೆಸರು ಅಹುನ್. ಗಂಡ ಸತ್ತ ಮೇಲೆ, ಮೊಮ್ಮಕ್ಕಳಾದ ವಯಸ್ಸಿನಲ್ಲಿ, ಆಕೆ ಬೆಟ್ಟದ ಮೇಲಿದ್ದ ತ್ವಾನ್ ಎಂಬ ಮುದಿ ಸೈನಿಕನನ್ನು ಮದುವೆಯಾಗಿದ್ದಳು. ಚೀನಾದ ಯುನ್ನಾನಿನ ಕಡೆಯಿಂದ ಯುದ್ಧದ ಕಾಲದಲ್ಲಿ ಬಂದು ಇಲ್ಲಿ ನೆಲೆಸಿದವನು. ಅವನ ಮಾತು ಲುಕಾಂಗಿನವರಿಗೆ ಅರ್ಥವಾಗುತ್ತಿರಲಿಲ್ಲ. ಅಮಾ ಆ ಮದುವೆಗೆ ಹೋಗಲಿಲ್ಲ. ಅವನು ಹೋದ ವರ್ಷ ತೀರಿಕೊಂಡಾಗಲೂ ಹೋಗಲಿಲ್ಲ. ಫೋಟೋದ ಮುಂದಿನ ಧೂಳು ಒರೆಸುವಾಗ ತಾರ್ಸಿನಾ ಕೇಳಿದರೆ, "ಬೆಟ್ಟ ಹತ್ತಿದವರು ಬೆಟ್ಟದಲ್ಲೇ ಇರ್ಲಿ" ಎನ್ನುತ್ತಿದ್ದಳು, ಅಷ್ಟೇ.

ಈಗ ಅಮಾ ತಂಗಿಯ ಮುಖ ನೋಡಲಿಲ್ಲ. ಅಂಗಡಿಯ ಬೋರ್ಡನ್ನು ನೋಡಿದಳು.

"ಸಿನಾ, ಈ ಅಂಗಡಿಯವಳನ್ನ ಕೇಳು, ಕುಡಿಯೋಕೆ ಬಿಸಿದೇನಾದ್ರೂ ಇದೆಯಾ ಅಂತ."

ತಾರ್ಸಿನಾ ಇಬ್ಬರನ್ನೂ ನೋಡಿದಳು. ಕೈ ಚಾಚಿದರೆ ಒಬ್ಬರಿಗೊಬ್ಬರು ತಾಗುವಷ್ಟು ಹತ್ತಿರ ಇದ್ದರು. "ಚಿಕ್ಕಜ್ಜಿ, ಕುಡಿಯೋಕೆ ಬಿಸಿದು..."

"ಇದೆ ಅಂತ ಹೇಳಮ್ಮ ನಿನ್ನ ಗಿರಾಕಿಗೆ" ಎಂದಳು ಅಹುನ್. "ಹಲ್ಲಿಲ್ಲದೋರಿಗೆ ಆರಿಸಿ ಕೊಡ್ತೀವಿ ಅಂತಾನೂ ಹೇಳು."

"ನನ್ನ ಹಲ್ಲು ಹೊಸದು ಅಂತ ಹೇಳು."

"ಹೊಸ ಹಲ್ಲಾ? ಹಳೇ ನಾಲಿಗೆ ಬದಲಾಯಿಸಿದ್ರಾ ಅಂತ ಕೇಳು."

ಬುಂಜಿನ್‌ಗೆ ತಕ್ಷಣ ಕಾರು ಸರಿಯಾಗಿ ನಿಲ್ಲಿಸಿಲ್ಲವೆಂದು ನೆನಪಾಯಿತು. ಅವನು ಹೊರಗೆ ಹೋಗಿಬಿಟ್ಟ. ತಾರ್ಸಿನಾ ಮೇಜಿನ ನಡುವೆ ಕೂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಅದೇ ಭಾಷೆಯಲ್ಲಿ ದಾಟಿಸತೊಡಗಿದಳು. ಚಹಾ ನೀರಾಗಿದೆ ಅಂತೆ, ಚಿಕ್ಕಜ್ಜಿ. ಕುಡಿಯೋಕೆ ಬಾರದವರಿಗೆ ಎಲ್ಲವೂ ನೀರಂತೆ, ಅಮಾ. ಬೆಟ್ಟದ ಬಿಸಿಲಿಗೆ ಮುಖ ಕಪ್ಪಿಟ್ಟಿದೆ ಅಂತೆ. ಕಡಲ ಬಿಸಿಲಿಗೆ ಮುಂಚೇನೂ ಬೆಳ್ಳಗಿರಲಿಲ್ಲ ಅಂತೆ. ಮೊದಮೊದಲು ಅವಳಿಗೆ ಮುಜುಗರವಾಯಿತು. ಆಮೇಲೆ ನಗು ತಡೆಯಲು ತುಟಿ ಕಚ್ಚಿಕೊಳ್ಳಬೇಕಾಯಿತು.

ಅಹುನ್ ಒಳಗೆ ಹೋಗಿ ಮೂರು ಬಟ್ಟಲು ಅಕ್ಕಿಶಾವಿಗೆ ತಂದಳು, ಹಬೆಯಾಡುವ ಕೋಳಿಸಾರಿನಲ್ಲಿ. ತಾರ್ಸಿನಾಳ ಮುಂದೆ ಇಡುತ್ತ, "ಹಂದಿ ಸೋಕಿಲ್ಲಮ್ಮ, ಪಾತ್ರೇನೂ ಬೇರೆ. ಮಸೀದಿಗೆ ಹೋಗೋ ಯುನ್ನಾನಿನೋರು ನಮ್ಮಲ್ಲಿಗೂ ಬರ್ತಾರೆ" ಎಂದಳು. ಅಮಾ ಕಡ್ಡಿಯಲ್ಲಿ ಶಾವಿಗೆ ಎತ್ತಿ ಬಾಯಿಗಿಟ್ಟಳು. ಬಹಳ ಹೊತ್ತು ಅಗಿದಳು.

"ಇದು ಆ ಮುದುಕ ಕಲಿಸಿದ್ದಾ ಅಂತ ಕೇಳು."

ಅಹುನ್ ಈ ಸಲ ತಾರ್ಸಿನಾ ಬಾಯಿ ತೆರೆಯುವವರೆಗೆ ಕಾಯಲಿಲ್ಲ. ಆದರೂ ಹೇಳಿದ್ದು ತಾರ್ಸಿನಾಳ ಮುಖ ನೋಡಿಯೇ. "ಹೌದು ಅಂತ ಹೇಳಮ್ಮ. ಅವರೇ ಒತ್ತುತ್ತಿದ್ರು. ಕೊನೆಕೊನೇಲಿ ಕೈ ನಡುಗ್ತಿತ್ತು, ಆದ್ರೂ ನನಗೆ ಬಿಡ್ತಿರ್ಲಿಲ್ಲ. ಹೋದ ದಿನಾನೂ ಅಕ್ಕಿ ನೆನೆಹಾಕಿದ್ರು. ಆ ಅಕ್ಕೀನ ಏನು ಮಾಡೋದು ಅಂತ ಗೊತ್ತಾಗದೆ ಎರಡು ದಿನ ಹಾಗೇ ಇಟ್ಕೊಂಡಿದ್ದೆ."

ಹೊರಗೆ ಮಂಜು ಮೇಲೇರಿ ಕಿಟಕಿ ಮುಚ್ಚಿತು. ಅಮಾ ಬಟ್ಟಲಿನೊಳಗೇ ನೋಡುತ್ತಿದ್ದಳು.

"ಸಿನಾ, ಅವಳಿಗೆ ಹೇಳು..." ಎಂದು ನಿಲ್ಲಿಸಿದಳು. ಕೆಮ್ಮಿದಳು. "ಸುದ್ದಿ ಬಂದಾಗ ನನ್ನ ಕರುಳು ಚುರುಕ್ ಅಂತು ಅಂತ ಹೇಳು."

ತಾರ್ಸಿನಾಳಿಗೆ ಆ ಮಾತು ಚೆನ್ನಾಗಿ ಗೊತ್ತಿತ್ತು. ಊರಿನಲ್ಲಿ ತಾಯಿಯ ಹತ್ತಿರ ಬಿಟ್ಟುಬಂದ ತನ್ನ ಮಗಳಿಗೆ ಜ್ವರ ಬಂದ ಸುದ್ದಿ ಕೇಳಿ ಅವಳು ಅಡಿಗೆಮನೆಯಲ್ಲಿ ಅತ್ತಾಗ ಅಮಾ ಇದೇ ಮಾತು ಆಡಿದ್ದಳು. ಅವಳು ಕಡ್ಡಿ ಕೆಳಗಿಟ್ಟಳು.

"ಅಮಾ, ಆ ಮಾತು ನನಗೆ ಬರಲ್ಲ. ನೀವೇ ಹೇಳ್ಬಿಡಿ."

"ಬರಲ್ವಾ? ಮೀನಿನವಳ ಜೊತೆ ಕಿತ್ತಾಡುವಾಗ ಎಲ್ಲ ಬರುತ್ತೆ!"

"ಜಗಳದ ಮಾತು ಬರುತ್ತೆ. ಇದು ಕಷ್ಟ. ನಾನು ಹೊರದೇಶದೋಳು, ತಪ್ಪಾಗಿ ಹೇಳಿದ್ರೆ?" ಎಂದು ಬಟ್ಟಲನ್ನು ಕೈಯಲ್ಲೇ ಹಿಡಿದುಕೊಂಡು ಎದ್ದು, ಅವರಿಬ್ಬರನ್ನೂ ಹಾಗೇ ಬಿಟ್ಟು ಹೊರಗೆ ನಡೆದಳು. ಬೆನ್ನ ಹಿಂದೆ ಅಮಾ ಗೊಣಗಿದ್ದು ಕೇಳಿಸಿತು, "ಕೊಬ್ಬು ನೋಡು ಇವಳದು." ಆಮೇಲೆ ಅಹುನ್‌ಳ ದನಿ, "ನಿನ್ನ ಹತ್ರಾನೇ ಕಲಿತಿರ್ಬೇಕು." ಅದು ನೇರವಾಗಿಯೇ ಹೋಗಿತ್ತು, ಯಾರ ಮೂಲಕವೂ ಅಲ್ಲ.

ಅಂಗಡಿಯ ಹಿಂದೆ ಕೋಸಿನ ಗದ್ದೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಮಂಜಿನಲ್ಲಿ ಕಾಣೆಯಾಗಿತ್ತು. ತಾರ್ಸಿನಾ ಒಂದು ಕಲ್ಲಿನ ಮೇಲೆ ಕೂತು ಶಾವಿಗೆ ತಿಂದಳು. ಸಾರು ಗಂಟಲಿನಲ್ಲಿ ಇಳಿಯುವುದು ಎಲ್ಲಿಯವರೆಗೆಂದು ಲೆಕ್ಕ ಹಿಡಿಯಬಹುದಿತ್ತು, ಮೈ ಅಷ್ಟು ತಣ್ಣಗಿತ್ತು. ಕಿವಿ ಚುರುಗುಟ್ಟಿತು, ಮೂಗು ಸೋರಿತು, ಬೆರಳು ಬಟ್ಟಲಿನ ಬಿಸಿಗೆ ಅಂಟಿಕೊಂಡವು. ಯಾರೂ ಸಿನಾ ಎಂದು ಕರೆಯಲಿಲ್ಲ. ನೀರು ಬೇಕು, ಬೆನ್ನು ತಿರುಗಿಸು, ಕಿಟಕಿ ಹಾಕು, ಏನೂ ಇಲ್ಲ. ಲುಕಾಂಗಿನಲ್ಲಿ ಅವಳಿಗೆ ರಜೆಯ ದಿನಗಳಿದ್ದವು, ಆದರೆ ಆ ದಿನಗಳಲ್ಲೂ ಕಿವಿ ಅಮಾಳ ಕೋಣೆಯ ಕಡೆಗೇ ಇರುತ್ತಿತ್ತು. ಇಲ್ಲಿ ಕಿವಿಯೂ ಸುಮ್ಮನಾಗಿತ್ತು. ಬಟ್ಟಲು ಖಾಲಿಯಾದ ಮೇಲೂ ಅವಳು ಏಳಲಿಲ್ಲ. ಮಂಜು ಒಮ್ಮೆ ಸರಿದು, ಎದುರಿನ ಬೆಟ್ಟ ಪೂರ್ತಿ ಹೊರಬಂದು, ಮತ್ತೆ ಒಳಗೆ ಹೋಯಿತು. ಅವಳು ಉಸಿರಿನ ಹೊಗೆಯನ್ನು ಸಣ್ಣಗೆ, ದಪ್ಪಗೆ, ಉದ್ದಕ್ಕೆ ಬಿಡುತ್ತ ಕೂತಳು.

ಬುಂಜಿನ್ ಸುಟ್ಟ ಗೆಣಸಿನ ಪೊಟ್ಟಣ ಹಿಡಿದು ಬಂದು ಪಕ್ಕದಲ್ಲಿ ಕೂತ. "ಒಳಗೆ ಏನಾಗ್ತಿದೆ?"

"ಮಾತಾಡ್ತಿದ್ದಾರೆ, ಯಜಮಾನ್ರೇ."

"ಯಾರು ಯಾರ ಜೊತೆ?"

"ಇಬ್ರೂ ಒಟ್ಟಿಗೇ."

ಅಷ್ಟರಲ್ಲಿ ಒಳಗಿನಿಂದ ಅಹುನ್‌ಳ ಅಳು ಕೇಳಿಸಿತು, ಅದರ ಮೇಲೆ ಅಮಾಳ ದೊಡ್ಡ ದನಿ: "ನೆಂಟರನ್ನ ಕರೆಯೋ ರೀತೀನಾ ಅದು? ಆಳಿನ ಕೈಲಿ ಮದುವೆ ಪತ್ರಿಕೆ ಕಳಿಸಿದ್ರೆ ನಾನು ಬರ್ಬೇಕಿತ್ತಾ?" ಬುಂಜಿನ್ ಏಳಲು ಹೋದ. ತಾರ್ಸಿನಾ ತಲೆ ಅಲ್ಲಾಡಿಸಿದಳು. ಅವನು ಮತ್ತೆ ಕೂತು ಗೆಣಸು ಮುರಿದು ಅವಳಿಗೆ ಅರ್ಧ ಕೊಟ್ಟ. ಇಬ್ಬರೂ ಸಿಪ್ಪೆ ಸುಲಿದು ಬಿಸಿಬಿಸಿ ತಿಂದರು.

ಹೊರಡುವ ಹೊತ್ತಿಗೆ ಅಮಾಳ ಕಣ್ಣು ಕೆಂಪಗಿತ್ತು, ಮಿಠಾಯಿ ಡಬ್ಬ ಮೇಜಿನ ಮೇಲೆ ಅರ್ಧ ಖಾಲಿಯಾಗಿತ್ತು. ಅಹುನ್ ಕಾರಿನ ಹಿಂಬದಿಗೆ ಕೋಸು ತುಂಬಿದಳು. ತಾರ್ಸಿನಾಳ ಕೊರಳಿಗೆ ತನ್ನದೇ ಉಣ್ಣೆಯ ಶಾಲು ಸುತ್ತಿ, "ನೀನು ಜಾಣೆ" ಎಂದು ಕಿವಿಯ ಬಳಿ ಮೆಲ್ಲಗೆ ಹೇಳಿದಳು.

ಇಳಿಯುವ ದಾರಿಯಲ್ಲಿ ಇಂದ್ರಮಾಯುವಿನಿಂದ ತಾಯಿಯ ಫೋನು ಬಂತು. "ಬೆಟ್ಟಕ್ಕೆ ಹೋಗಿದ್ಯಂತೆ, ಏನು ನೋಡ್ದೆ?"

"ಕುರಿ, ಅಮ್ಮಾ."

"ಅಯ್ಯೋ, ಅದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ಪಕ್ಕದ ಮನೇಲೇ ಆಡು ಇದೆಯಲ್ಲೇ."

ತಾರ್ಸಿನಾ ನಕ್ಕಳು. ಅವಳ ಹೆಗಲ ಮೇಲೆ ತಲೆಯಿಟ್ಟು ಅಮಾ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಆ ಭಾರಕ್ಕೆ ತೋಳು ಜೋಮು ಹಿಡಿದರೂ ಅವಳು ಕದಲಲಿಲ್ಲ.

ಮಾರನೆಯ ಬೆಳಿಗ್ಗೆ ಅಹುನ್ ಫೋನು ಮಾಡಿದಳು. ಬೆಟ್ಟದ ಕೋಸನ್ನು ಒಣಸೀಗಡಿ ಹಾಕಿ ಬಾಡಿಸಬೇಕೋ ಬೆಳ್ಳುಳ್ಳಿ ಹಾಕಿಯೋ ಎಂಬಲ್ಲಿಂದ ಶುರುವಾಗಿ, ಅವರ ತಾಯಿ ಹೇಗೆ ಮಾಡುತ್ತಿದ್ದಳು ಎಂಬಲ್ಲಿಗೆ ಹೋಯಿತು. ಅದರಲ್ಲೂ ಇಬ್ಬರಿಗೆ ಒಮ್ಮತವಿರಲಿಲ್ಲ. ತಾರ್ಸಿನಾ ಫೋನನ್ನು ಅಮಾಳ ದಿಂಬಿಗೆ ಒರಗಿಸಿಟ್ಟು ಮಾರುಕಟ್ಟೆಗೆ ಹೋದಳು, ಮೀನಿನವಳ ಹತ್ತಿರ ಚೌಕಾಸಿ ಮಾಡಿದಳು, ಮನೆಗೆ ಬಂದು ಮೀನು ತೊಳೆದು ಒಲೆಯ ಮೇಲಿಟ್ಟಳು. ಮಾತು ಇನ್ನೂ ಮುಗಿದಿರಲಿಲ್ಲ.