ಡ್ರೈವರ್ ಸೀಟಿನ ಗೊಂಬೆ ಯಾರ ಅಳತೆಯದು?

ಕಳೆದ ಗುರುವಾರ ಹುಬ್ಬಳ್ಳಿಯ ಒಂದು ಕಾರ್ ಶೋರೂಮಿನಲ್ಲಿ ಕುಳಿತು ನಾನು ಒಂದು ಗೊಂಬೆಗೆ ಮನಸ್ಸಿನಲ್ಲೇ ಕೈಮುಗಿದೆ.

ದೇವರ ಗೊಂಬೆಯಲ್ಲ. ಕಾರನ್ನು ಗೋಡೆಗೆ ಗುದ್ದಿಸಿ ಪರೀಕ್ಷಿಸುವಾಗ ಮನುಷ್ಯನ ಬದಲು ಒಳಗೆ ಕೂರಿಸುತ್ತಾರಲ್ಲ, ಆ ಗೊಂಬೆ.

ನನ್ನ ತಂಗಿಯ ಮಗಳು ಗಿರಿಜಾ ನರ್ಸ್. ಹುಬ್ಬಳ್ಳಿಯ ಕೇಶ್ವಾಪುರದಿಂದ ಗರಗ ಹಳ್ಳಿಯ ಕಡೆಯ ಆಸ್ಪತ್ರೆಗೆ ತಾನೇ ಕಾರು ಓಡಿಸಿಕೊಂಡು ಹೋಗುತ್ತಿದ್ದಳು. ಎಂಟು ತಿಂಗಳ ಹಿಂದೆ ಎಮ್ಮೆಯೊಂದು ಅಡ್ಡ ಬಂದು, ಅದನ್ನು ಉಳಿಸಲು ಹೋಗಿ ಕಾರು ಹುಣಸೆಮರಕ್ಕೆ ಗುದ್ದಿತು. ಅವಳ ಎರಡು ಪಕ್ಕೆಲುಬು ಮುರಿದವು, ಕಾಲೂ ಮುರಿಯಿತು. ಪಕ್ಕದಲ್ಲಿದ್ದ ಗಂಡ ಬಸವರಾಜನ ಮೊಣಕೈ ತರಚಿತು. (ಅವನೆದುರು ಸ್ಟೇರಿಂಗ್ ಇರಲಿಲ್ಲ ಎಂಬುದನ್ನೂ ನಾನು ಗಣನೆಗೆ ತೆಗೆದುಕೊಂಡಿದ್ದೇನೆ.)

ತಪ್ಪು ಅವಳದೇ ಎಂದು ಎಲ್ಲರೂ ತೀರ್ಪು ಕೊಟ್ಟರು. ಬಸವರಾಜ ಆಸ್ಪತ್ರೆಯಲ್ಲಿ ಒಮ್ಮೆ, ಮನೆಗೆ ಬಂದವರೆದುರು ಎರಡು ಸಲ, ನನ್ನ ಅಡುಗೆಮನೆಯಲ್ಲಿ ನಿಂತು ಒಂದು ಸಲ ಹೇಳಿದ: "ಸೀಟ ಮುಂದ ಎಳಕೊಂಡು ಸ್ಟೇರಿಂಗಿಗೆ ಎದಿ ಹಚ್ಚಿ ಕುಂದರತಾಳ್ರಿ. ಕೂಡೂದ ತಪ್ಪು."

"ಹಿಂದ ಸರದ್ರ ಬ್ರೇಕ್ ಯಾರು ಒತ್ತಬೇಕು? ನೀವ ಒತ್ತತೀರೇನು?" ಎಂದು ಗಿರಿಜಾ ಕೇಳಿದ್ದಳು. ಹೊಸ ಕಾರು ಬಂದರೂ ಇನ್ನು ಅವಳು ಓಡಿಸುವುದು ಬೇಡವೆಂದು ಮನೆಯಲ್ಲಿ ನಿರ್ಧಾರವಾಯಿತು. ನಿರ್ಧರಿಸಿದವರಲ್ಲಿ ಅವಳಿರಲಿಲ್ಲ.

ಆ ಹೊಸ ಕಾರು ನೋಡಲೆಂದೇ ಗುರುವಾರ ನಾವು ಮೂವರೂ ಶೋರೂಮಿಗೆ ಹೋಗಿದ್ದೆವು. ಸೇಲ್ಸ್‌ಮನ್ ಇಂಜಿನ್, ಮೈಲೇಜ್ ಎಲ್ಲವನ್ನೂ ಬಸವರಾಜನಿಗೆ ವಿವರಿಸಿ, ಕೊನೆಗೆ ನಮ್ಮಿಬ್ಬರು ಹೆಂಗಸರತ್ತ ತಿರುಗಿದ. "ಮೇಡಂ, ಕಲರ್ ನೀವು ಹೇಳ್ರಿ." (ನಮಗೆ ಬಂದ ಪ್ರಶ್ನೆ ಅದೊಂದೇ. ಗಮನಿಸಿದ್ದೇನೆ.) ಆಮೇಲೆ ಟಿ.ವಿ.ಯಲ್ಲಿ ಕ್ರ್ಯಾಶ್ ಟೆಸ್ಟ್ ವಿಡಿಯೋ ಹಾಕಿದ.

ಎಂಥ ದೃಶ್ಯ! ಕಾರಿನ ಮೂಗು ಕಾಗದದಂತೆ ಮಡಚಿಕೊಳ್ಳುತ್ತದೆ. ಗಾಜಿನ ಚೂರುಗಳು ನೀರಿನ ಹನಿಗಳಂತೆ ನಿಧಾನವಾಗಿ ತೇಲುತ್ತವೆ. ಬಿಳಿಯ ಏರ್‌ಬ್ಯಾಗ್ ಅರಳಿ, ಬಾಗಿ ಬಂದ ತಲೆಯನ್ನು ಹಿಡಿಯುತ್ತದೆ. ಆ ಗೊಂಬೆಗೆ ಪಕ್ಕೆಲುಬುಗಳಿವೆ, ಬಳುಕುವ ಕುತ್ತಿಗೆಯಿದೆ. ಯಾವ ಮೂಳೆಗೆ ಎಷ್ಟು ಪೆಟ್ಟೆಂದು ಹೇಳುವ ಯಂತ್ರಗಳು ಮೈಯೊಳಗಿವೆ. ಮುಖ ಎಲ್ಲಿ ತಾಗಿತೆಂದು ತಿಳಿಯಲು ಬಣ್ಣ ಬಳಿದಿದ್ದಾರೆ. ಎಂದೂ ನೋಡದ ಅಪರಿಚಿತನ ಪಕ್ಕೆಲುಬಿಗಾಗಿ ಯಾರೋ ಇಷ್ಟು ಚಿಂತಿಸಿದ್ದಾರೆಯೇ? ನನ್ನ ಕಣ್ಣು ತುಂಬಿತು.

ಗಿರಿಜಾ ಮಾತ್ರ ಕೇಳಿದಳು: "ಡ್ರೈವರ್ ಸೀಟಿನ್ಯಾಗ ಕುಂತದ್ದು ಗಂಡಸೋ, ಹೆಂಗಸೋ?"

"ಅದು ಗೊಂಬಿರಿ, ಮೇಡಂ."

"ಗೊಂಬಿ ಅಂತ ನನಗೂ ಕಾಣಸ್ತೈತಿ. ಯಾರ ಅಳತಿ ಗೊಂಬಿ?"

ಅವನು ಒಳಗೆ ಹೋಗಿ ಕೇಳಿಕೊಂಡು ಬಂದ. "ಸಾಮಾನ್ಯ ಗಂಡಸರ ಅಳತಿ ಅಂತ್ರಿ. ಅದ ಸ್ಟ್ಯಾಂಡರ್ಡ್ ಅಂತ."

"ಮತ್ತ ಹೆಂಗಸರು?"

"ಅವರು ಬಾಜೂಕ ಕುಂದರತಾರಲ್ರಿ."

ಅಷ್ಟರಲ್ಲಿ ಗಿರಿಜಾ ಮೊಬೈಲಿನಲ್ಲಿ ಹುಡುಕಿ ಎಲ್ಲರಿಗೂ ಕೇಳುವಂತೆ ಓದತೊಡಗಿದ್ದಳು. ಒಂದೇ ಬಗೆಯ ಅಪಘಾತದಲ್ಲಿ ಹೆಂಗಸರಿಗೆ ಪೆಟ್ಟಾಗುವ ಸಂಭವ ಹೆಚ್ಚೆಂದು ತಜ್ಞರು ಬಹಳ ಕಾಲದಿಂದ ಹೇಳುತ್ತಲೇ ಇದ್ದಾರೆ. ಹೆಣ್ಣು ಗೊಂಬೆ ಎಂದು ಬಳಸುತ್ತ ಬಂದದ್ದು ಬಹುಮಟ್ಟಿಗೆ ಗಂಡು ಗೊಂಬೆಯನ್ನೇ ಕುಗ್ಗಿಸಿದ್ದು. ಅದನ್ನೂ ಎಷ್ಟೋ ಪರೀಕ್ಷೆಗಳಲ್ಲಿ ಕೂರಿಸಿದ್ದು ಡ್ರೈವರ್ ಪಕ್ಕದಲ್ಲಿ. ಹೆಣ್ಣಿನ ಮೈಕಟ್ಟನ್ನೇ ಅಳೆದು ಮಾಡಿದ ಗೊಂಬೆಗಳು ಈಗ ಬಂದಿವೆ. ಆದರೆ ಅವನ್ನು ಬಳಸಲೇಬೇಕೆಂಬ ನಿಯಮ ಬರುವುದು ತಡವಾಗುತ್ತಿದೆ.

ಕುಗ್ಗಿಸಿದ್ದು! ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿದವಳು ನಾನು. ಗಂಡಸರ ಅಂಗಿಯ ಕಾಗದದ ಪ್ಯಾಟರ್ನ್ ಸಣ್ಣದು ಮಾಡಿ ಹೆಂಗಸರ ಜಂಪರ್ ಕತ್ತರಿಸಿದ ಯಾವ ಹುಡುಗಿಗೂ ನಾನು ಪಾಸಾಗುವಷ್ಟು ಅಂಕ ಕೊಟ್ಟಿಲ್ಲ. ಹೆಗಲು ಬೇರೆ, ಎದೆ ಬೇರೆ, ಸೊಂಟ ಬೇರೆ. ಕೆಟ್ಟರೆ ಹೋಗುವುದು ಒಂದು ಗಜ ಬಟ್ಟೆ. ಆ ಒಂದು ಗಜಕ್ಕೆ ನಾವು ತೋರುವ ಎಚ್ಚರ ನಮ್ಮ ಮೂಳೆಗಳಿಗೆ ಬೇಡವೇ?

ಗೊಂಬೆ ಮಾಡಿದವರ ಬುದ್ಧಿಗೆ ನನ್ನ ಬೆರಗು ಈಗಲೂ ಕಡಿಮೆಯಾಗಿಲ್ಲ. ಅಷ್ಟು ಬಲ್ಲವರು ಇಷ್ಟನ್ನು ಮರೆತರಲ್ಲ ಎಂಬುದೇ ನನ್ನ ಸಿಟ್ಟು.

ಸೇಲ್ಸ್‌ಮನ್ ಟೆಸ್ಟ್ ಡ್ರೈವ್‌ನ ಕೀಲಿಯನ್ನು ಬಸವರಾಜನ ಕೈಗಿಟ್ಟ. ಅವನು ಅದನ್ನು ಹೆಂಡತಿಯತ್ತ ಚಾಚಿದ.

"ಗಾಡಿ ನೀ ಹೊಡಿ."

"ನನಗ ಕೂಡಾಕ ಬರಂಗಿಲ್ಲಲ್ಲ?"

"ನಾ ಭಾಳ ಅಂದೀನಿ, ತಪ್ಪಾತು. ಹೊಡಿ ಇನ್ನ."

ಗಿರಿಜಾ ಸೀಟನ್ನು ಮುಂದಕ್ಕೆಳೆದಳು, ಪಾದ ಪೆಡಲಿಗೆ ತಾಗುವವರೆಗೆ. ಬೆಲ್ಟ್ ಹಾಕಿಕೊಂಡಳು. ಕನ್ನಡಿಯನ್ನು ತನ್ನ ಕಣ್ಣಿನೆತ್ತರಕ್ಕೆ ಸರಿಪಡಿಸಿಕೊಂಡಳು. ಹಿಂದಿನ ಸೀಟಿನಲ್ಲಿ ನಾನಿದ್ದೆ. ಬೆಂಗೇರಿಯ ತನಕ ಹೋಗಿ, ಅಲ್ಲಿನ ವಾಹನಗಳ ಗದ್ದಲದಲ್ಲೇ ಕಾರು ತಿರುಗಿಸಿಕೊಂಡು ಬಂದಳು. ಮುರಿದು ಕೂಡಿದ ಕಾಲಿನಲ್ಲಿ, ಅವಳ ಅಳತೆಗೆ ಯಾರೂ ಪರೀಕ್ಷಿಸಿ ನೋಡದ ಸೀಟಿನಲ್ಲಿ. ಆ ದಿನ ನಾನು ಕಂಡ ದೊಡ್ಡ ಸೋಜಿಗ ಇದೇ.

ಕಾರು ಕಟ್ಟುವವರೇ, ನಿಯಮ ಬರೆಯುವವರೇ, ಧೈರ್ಯವನ್ನು ಅವಳು ತಂದಳು. ಅವಳ ಅಳತೆಯ ಗೊಂಬೆಯನ್ನು ನೀವು ಯಾವಾಗ ತರುತ್ತೀರಿ?