ಕೊನೆಯ ಸಾಲಿನ ಕೈ

ದೆವ್ವ, ಪಿಶಾಚಿ ಎಂಬ ಮಾತು ಬಂದರೆ ನಾನು ಮೊದಲಿನಿಂದಲೂ ಸ್ವಲ್ಪ ಒರಟು. ಧಾರವಾಡದಲ್ಲಿ ಓದುತ್ತಿದ್ದಾಗ ನಮ್ಮ ಹಾಸ್ಟೆಲ್ಲಿನ ಮೂಲೆ ಕೋಣೆಯಲ್ಲಿ ಯಾರೋ ಅಳುತ್ತಾರೆಂದು ಗೆಳತಿಯರೆಲ್ಲ ಒಬ್ಬರನ್ನೊಬ್ಬರು ಅವುಚಿಕೊಂಡು ಮಲಗುತ್ತಿದ್ದರು. ನಾನು ಹೋಗಿ ನೋಡಿ, ಕಿಟಕಿಯ ಸಡಿಲ ಕೊಂಡಿಗೆ ಕಾಗದ ಮಡಚಿ ತುರುಕಿ ಬಂದೆ. ಅಳು ನಿಂತಿತು. ಆಮೇಲೆ ಎಷ್ಟೋ ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ಮಕ್ಕಳಿಗೆ ಹೇಳಿ ಹೇಳಿ ನನಗೇ ಅದು ಜಪವಾಗಿತ್ತು. ಇಂಥ ಅನುಭವಗಳನ್ನು ಬರೆಯುವವರನ್ನು ಕಂಡರೆ, ಪಾಪ, ಹೊತ್ತು ಹೋಗದವರು ಎಂದು ನಗುತ್ತಿದ್ದೆ. ಈಗ ನೀವು ನನ್ನನ್ನು ನೋಡಿ ನಗಬಹುದು, ನನ್ನದೇನೂ ಅಡ್ಡಿಯಿಲ್ಲ. ಆದರೆ ಕಂಡದ್ದನ್ನು ಕಂಡೇ ಇಲ್ಲ ಎಂದು ಮಾತ್ರ ನಾನು ಹೇಳಲಾರೆ.

ಇದು ನಡುರಾತ್ರಿಯ ಕಥೆಯೂ ಅಲ್ಲ. ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳ ಒಂದು ಬೆಳಿಗ್ಗೆ, ಕಿಟಕಿಗಳಿಂದ ಬಿಸಿಲು ಸುರಿಯುತ್ತಿದ್ದಾಗ, ಪರೀಕ್ಷಾ ಹಾಲಿನ ತುಂಬ ಮಕ್ಕಳು ಕೂತಿದ್ದಾಗ ನಡೆದದ್ದು.

ನನ್ನ ಗಂಡ ಲಂಡನ್ನಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ಟೂಟಿಂಗಿನಲ್ಲಿ ನಮ್ಮ ಮನೆ. ಇಲ್ಲಿಗೆ ಬಂದ ಮೇಲೆ ನನ್ನ ಬಿ.ಎಡ್.ಗೆ ಯಾರೂ ಸೊಪ್ಪು ಹಾಕಲಿಲ್ಲ. ಮನೆಯಲ್ಲಿ ಕೂತು ಬೇಸತ್ತು, ಕ್ರೋಯ್ಡನ್ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಪರೀಕ್ಷೆ ಕಾಯುವ ಕೆಲಸಕ್ಕೆ ಸೇರಿಕೊಂಡೆ. ಇಲ್ಲಿ ಇನ್ವಿಜಿಲೇಟರ್ ಅನ್ನುತ್ತಾರೆ. “ಏಳು ಸಮುದ್ರ ದಾಟಿ ಬಂದರೂ ಕಾಪಿ ಹಿಡಿಯೋದು ನಿನಗ ತಪ್ಪಲಿಲ್ಲ ನೋಡು” ಎಂದು ಗಂಡ ನಕ್ಕರು.

ಆ ಶಾಲೆ ಹಳೆಯದು. ಕೆಂಪು ಇಟ್ಟಿಗೆಯ ಕಟ್ಟಡ, ಹಿಂದೆ ಆಟದ ಮೈದಾನ, ಅದರಾಚೆ ಟ್ರಾಮ್ ಹೋಗುವ ಸದ್ದು. ಮೊದಲು ಅದು ಬರೀ ಹುಡುಗಿಯರ ಶಾಲೆಯಾಗಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಮಕ್ಕಳನ್ನು ಹಳ್ಳಿಗಳಿಗೆ ಕಳಿಸಿ, ಬಾಂಬು ಬಿದ್ದು ಮನೆ ಕಳೆದುಕೊಂಡವರನ್ನು ಅದರ ಜಿಮ್ನಾಷಿಯಮ್ಮಿನಲ್ಲಿ ಸಾಲಾಗಿ ಮಲಗಿಸುತ್ತಿದ್ದರಂತೆ. ಆಮೇಲೆ ಪಕ್ಕದ ಹುಡುಗರ ಶಾಲೆಯನ್ನು ಇದರೊಳಗೆ ಸೇರಿಸಿದರು. ಇದನ್ನೆಲ್ಲ ನನಗೆ ಹೇಳಿದವಳು ಪ್ಯಾಟ್. ಅದೇ ಶಾಲೆಯಲ್ಲಿ ಓದಿ, ಅಲ್ಲೇ ಕೆಲಸ ಮಾಡಿ, ಈಗ ಪರೀಕ್ಷೆ ಕಾಯುವ ನಮ್ಮ ಗುಂಪಿಗೆ ಮುಖ್ಯಸ್ಥೆಯಾಗಿದ್ದ ಇಂಗ್ಲಿಷ್ ಹೆಂಗಸು. ನಗುವುದು ಕಡಿಮೆ, ಗಮನಿಸುವುದು ಹೆಚ್ಚು.

ಪರೀಕ್ಷೆ ನಡೆಯುವುದು ಆ ಹಳೆಯ ಜಿಮ್ಮಿನಲ್ಲೇ. ಗೋಡೆಗೆ ಮರದ ಹಲಗೆಗಳ ಏಣಿ, ಮೇಲೆ ಸುತ್ತಿ ಕಟ್ಟಿದ ಹಗ್ಗಗಳು, ಕಾಲಿಟ್ಟರೆ ಕಿರುಗುಟ್ಟುವ ಮರದ ನೆಲ. ಮಕ್ಕಳು ಬ್ಯಾಗು, ಫೋನು ಹೊರಗಿಟ್ಟು, ನೀರಿನ ಬಾಟಲಿಯ ಮೇಲಿನ ಚೀಟಿಯನ್ನೂ ಕಿತ್ತು, ಪಾರದರ್ಶಕ ಚೀಲದಲ್ಲಿ ಕಪ್ಪು ಪೆನ್ನು ಹಿಡಿದು ಒಳಗೆ ಬರುತ್ತವೆ. ಹೊರಗೆ ಗುಲ್ಲೋ ಗುಲ್ಲು. ಹೊಸ್ತಿಲು ದಾಟಿದರೆ ಉಸಿರಿಲ್ಲ. ಒಬ್ಬ ಎದೆಯ ಮೇಲೆ ಶಿಲುಬೆ ಬರೆದುಕೊಳ್ಳುತ್ತಾನೆ, ಒಬ್ಬಳು ತುಟಿಯಲ್ಲೇ ಪ್ರಾರ್ಥನೆ ಹೇಳುತ್ತಾಳೆ, ಇನ್ನೊಬ್ಬಳು ನಮ್ಮ ಮಕ್ಕಳ ಹಾಗೆ ಪ್ರಶ್ನೆಪತ್ರಿಕೆಯನ್ನು ಕಣ್ಣಿಗೊತ್ತಿಕೊಳ್ಳುತ್ತಾಳೆ. ಪರೀಕ್ಷೆಯ ಭಯಕ್ಕೆ ದೇಶ ಭಾಷೆಗಳ ಭೇದವಿಲ್ಲ.

ಒಳಗೆ ಯಾರೂ ಮಾತಾಡುವಂತಿಲ್ಲ, ನಾವೂ ಕೂಡ. ಊರಲ್ಲಾದರೆ “ಸರ್, ಅಡಿಷನಲ್” ಎಂದು ಕೂಗುತ್ತಾರೆ. ಇಲ್ಲಿ ಸುಮ್ಮನೆ ಕೈ ಎತ್ತಬೇಕು. ಹಾಳೆ ಬೇಕೆಂದರೂ ಕೈ, ಹೊಟ್ಟೆನೋವೆಂದರೂ ಕೈ. ನಾವು ಮೆತ್ತನೆಯ ಶೂ ಹಾಕಿಕೊಂಡು ಸದ್ದಾಗದ ಹಾಗೆ ಹೋಗಬೇಕು. ನಾವು ಹತ್ತಿರ ಬಂದದ್ದು ಕಂಡಕೂಡಲೇ ಮಕ್ಕಳು ಕೈ ಇಳಿಸುತ್ತವೆ. ಇಷ್ಟು ನೆನಪಿನಲ್ಲಿಡಿ.

ಆ ದಿನ ಗಣಿತದ ಪರೀಕ್ಷೆ. ಮಕ್ಕಳನ್ನು ಒಳಗೆ ಬಿಡುವ ಮುಂಚೆ ಪ್ಯಾಟ್ ನನ್ನನ್ನು ಪಕ್ಕಕ್ಕೆ ಕರೆದು ಒಬ್ಬ ಹುಡುಗಿಯನ್ನು ತೋರಿಸಿದಳು. ಹೆಸರು ಅಮೀನಾ. ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಚುಚ್ಚಿಕೊಳ್ಳುವವಳು. ಹಿಂದಿನ ಸಲ ಇದೇ ಪರೀಕ್ಷೆಯ ನಡುವೆ ತಲೆ ಸುತ್ತಿ ಕೈ ಎತ್ತಿದಳಂತೆ. ಹೊರಗೆ ಕರೆದುಕೊಂಡು ಹೋದರು, ಅಮ್ಮನಿಗೆ ಫೋನ್ ಮಾಡಿದರು, ಮನೆಗೆ ಕಳಿಸಿದರು. ಪರೀಕ್ಷೆ ಅಲ್ಲಿಗೆ ಮುಗಿಯಿತು, ಹುಡುಗಿ ಫೇಲಾದಳು. ಈಗ ಮತ್ತೆ ಕೂತಿದ್ದಾಳೆ. ಗಣಿತ ಪಾಸಾದರೆ ಮಾತ್ರ ನರ್ಸಿಂಗ್ ಕೋರ್ಸಿನ ಬಾಗಿಲು ತೆರೆಯುತ್ತದೆ. ಅವಳಿಗೆಂದು ಬೇರೆ ಸಣ್ಣ ಕೋಣೆ ಕೊಡುತ್ತೇವೆಂದರೂ ಒಲ್ಲೆ ಎಂದಿದ್ದಳು. ಎಲ್ಲರ ಜೊತೆ ಕೂತೇ ಬರೆಯುತ್ತೇನೆ ಎಂದು ಹಟ ಹಿಡಿದಿದ್ದಳು. “ಸ್ವಲ್ಪ ನೋಡ್ಕೋ” ಎಂದಳು ಪ್ಯಾಟ್. ನಾನು ಆಗಲಿ ಎಂದೆ. ಮರುಪರೀಕ್ಷೆಯವರನ್ನು ಹಿಂದೆ ಕೂರಿಸಿದ್ದರಿಂದ ಅಮೀನಾಳ ಜಾಗ ಗೋಡೆಯ ಪಕ್ಕ, ಕೊನೆಯದಕ್ಕೆ ಮುಂಚಿನ ಸಾಲಿನಲ್ಲಿತ್ತು. ಅವಳ ಹಿಂದೆ, ಒಂದಿಷ್ಟು ಓರೆಯಾಗಿ, ಒಂದೇ ಒಂದು ಮೇಜು. ಅದರ ಹುಡುಗ ಬಂದಿರಲಿಲ್ಲ.

ಪರೀಕ್ಷೆ ಮುಕ್ಕಾಲು ಮುಗಿದಿತ್ತು. ನಾನು ಎದುರಿಗೆ ನಿಂತಿದ್ದೆ. ಪ್ಯಾಟ್ ಬಾಗಿಲ ಬಳಿ ಇದ್ದಳು. ನಮ್ಮ ಮೂರನೆಯ ಜೊತೆಗಾರ ಯಾರನ್ನೋ ಶೌಚಾಲಯಕ್ಕೆ ಕರೆದೊಯ್ದಿದ್ದ. ಆಗಾಗ ಅಮೀನಾಳ ಕಡೆ ಕಣ್ಣು ಹಾಯಿಸುತ್ತಿದ್ದೆ. ತಲೆ ಬಗ್ಗಿಸಿ ಬರೆಯುತ್ತಲೇ ಇದ್ದಳು. ತಲೆವಸ್ತ್ರ ಕೆನ್ನೆಯವರೆಗೆ ಇಳಿದಿದ್ದರಿಂದ ಮುಖ ಕಾಣುತ್ತಿರಲಿಲ್ಲ. ಮುಂದೆ ಕೂತ ಎತ್ತರದ ಹುಡುಗನ ಮೈ ಅವಳ ಮೇಜನ್ನು ಮರೆಮಾಡಿತ್ತು. ಪೆನ್ನಿನ ತುದಿ ಅಲ್ಲಾಡುತ್ತಿದ್ದುದಷ್ಟೇ ಗೊತ್ತಾಗುತ್ತಿತ್ತು. ಚೆನ್ನಾಗಿ ಬರೆಯುತ್ತಿದ್ದಾಳೆ ಎಂದು ನನಗೆ ಖುಷಿಯಾಯಿತು.

ಆಗ ಕೊನೆಯ ಸಾಲಿನಲ್ಲಿ ಒಂದು ಕೈ ಎದ್ದಿತು.

ನೆಟ್ಟಗೆ ಎತ್ತಿದ ಕೈ. ಅವಸರವಿಲ್ಲ, ಅಲ್ಲಾಡಿಸುವುದಿಲ್ಲ, ಬರುವವರೆಗೂ ಕಾಯುತ್ತೇನೆ ಎನ್ನುವಂತೆ ಇತ್ತು. ಸೆಕೆಗೆ ಮಕ್ಕಳೆಲ್ಲ ಕೋಟು ಬಿಚ್ಚಿ ಬಿಳಿ ಅಂಗಿಯಲ್ಲಿ ಕೂತಿದ್ದವು. ಆ ಕೈಗೆ ಮಾತ್ರ ಮರೂನ್ ಬಣ್ಣದ ಉಣ್ಣೆಯ ತೋಳಿತ್ತು. ಈ ಬಿಸಿಲಲ್ಲಿ ಸ್ವೆಟರ್ ಯಾಕೆ ಹಾಕಿಕೊಂಡಿದೆ ಈ ಕೂಸು ಎಂದುಕೊಂಡೆ. ನನಗೆ ಬಂದ ಯೋಚನೆ ಅದೊಂದೇ, ಆ ಮೇಜಿನ ಹುಡುಗ ಬಂದಿಲ್ಲ ಎಂಬುದು ಆಗ ಹೊಳೆಯಲೇ ಇಲ್ಲ. ಭಯ, ನಡುಕ ಏನೂ ಇಲ್ಲ. ಹೆಚ್ಚಿನ ಹಾಳೆಗಳನ್ನು ಎತ್ತಿಕೊಂಡು ಹೊರಟೆ.

ನಡುವೆ ಯಾರದೋ ಸ್ಕೇಲು ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಟ್ಟು ತಲೆ ಎತ್ತಿದರೆ ಕೈ ಹಾಗೇ ಇತ್ತು. ಹತ್ತಿರವಾದಂತೆ ಇನ್ನೂ ಸ್ಪಷ್ಟವಾಗಿ ಕಂಡಿತು. ಹುಡುಗಿಯ ತೆಳ್ಳನೆಯ ಕೈ. ನಡುಬೆರಳಿನ ಮೇಲೆ ನೀಲಿ ಶಾಯಿಯ ಕಲೆ. ನಮ್ಮ ಪರೀಕ್ಷೆಯಲ್ಲಿ ನೀಲಿ ಪೆನ್ನಿಗೆ ಅವಕಾಶವೇ ಇಲ್ಲ. ಇದನ್ನು ಈಗ ಹೇಳಬೇಕಲ್ಲ ಎಂದು ಬೇಸರಪಟ್ಟುಕೊಂಡದ್ದೂ ನೆನಪಿದೆ. ನಾನು ಅಮೀನಾಳ ಸಾಲು ದಾಟುವಾಗ, ಮಕ್ಕಳು ಇಳಿಸುವ ಹಾಗೆಯೇ, ಆ ಕೈ ಇಳಿಯಿತು.

ಮೇಜಿನ ಬಳಿ ನಿಂತೆ. ಅಲ್ಲಿ ಯಾರೂ ಇರಲಿಲ್ಲ. ಬಾರದ ಹುಡುಗನ ಹೆಸರಿನ ಚೀಟಿ, ಮೇಜಿನೊಳಕ್ಕೆ ಸರಿಸಿದ ಕುರ್ಚಿ, ಅಷ್ಟೇ.

ಪೆಚ್ಚಾಗಿ ಹಿಂದಿರುಗಲು ತಿರುಗಿದೆ. ಆಗ ಅಮೀನಾಳ ಹೆಗಲ ಮೇಲಿಂದ ಅವಳ ಬಲಗೈ ಕಾಣಿಸಿತು. ಪೆನ್ನು ಓಡುತ್ತಲೇ ಇತ್ತು. ಆದರೆ ಓಡುತ್ತಿದ್ದದ್ದು ಹಾಳೆಯ ಮೇಲಲ್ಲ. ಹಾಳೆ ಬಿಟ್ಟು, ಮೇಜಿನ ಮರದ ಮೇಲೆ ಗೀಚುತ್ತಿದ್ದಳು. ಮುಖ ನೋಡಿದೆ. ಬೆವರು ಇಳಿಯುತ್ತಿತ್ತು, ಕಣ್ಣು ತೆರೆದೇ ಇದ್ದವು, ಆ ಕಣ್ಣುಗಳಿಗೆ ನಾನು ಕಾಣಲಿಲ್ಲ. ಸಕ್ಕರೆ ಇಳಿದರೆ ತಿನ್ನಬೇಕಾದ ಗ್ಲುಕೋಸ್ ಮಾತ್ರೆಗಳ ಪೊಟ್ಟಣ ಅವಳ ಪಕ್ಕದಲ್ಲೇ ಒಡೆಯದೆ ಬಿದ್ದಿತ್ತು.

ನಾನು ಕೂಗುವಂತಿರಲಿಲ್ಲ. ನಾನೇ ಕೈ ಎತ್ತಿದೆ. ಪ್ಯಾಟ್ ನೋಡಿದಳು, ಓಡಿಬಂದಳು. ಮಾತ್ರೆಯನ್ನು ಬಾಯಲ್ಲಿಟ್ಟು, ಅಗಿ ಮಗಾ, ಅಗಿ ಎಂದು ನಾನು ಕನ್ನಡದಲ್ಲೇ ಹೇಳುತ್ತಿದ್ದೆನಂತೆ. ಅಗಿದಳು. ಇಬ್ಬರೂ ಸೇರಿ ಹೊರಗೆ ಕರೆದೊಯ್ಯುವಾಗ ಅರೆಪ್ರಜ್ಞೆಯಲ್ಲೂ ಬಾಗಿಲ ಚೌಕಟ್ಟು ಹಿಡಿದುಕೊಂಡು ಬಿಡಲೊಲ್ಲಳು. “ಇನ್ನೊಂದೇ ಲೆಕ್ಕ ಇದೆ, ಮಿಸ್” ಎಂದು ತೊದಲುತ್ತಿದ್ದಳು.

ಶಾಲೆಯ ನರ್ಸ್ ಬಂದು ಸಕ್ಕರೆ ನೋಡಿದಳು. ಇನ್ನು ಸ್ವಲ್ಪ ತಡವಾಗಿದ್ದರೆ ಫಿಟ್ಸ್ ಬಂದು ಬೀಳುತ್ತಿದ್ದಳು, ಆಮೇಲೆ ಏನಾಗುತ್ತಿತ್ತೋ ಹೇಳಲಾಗದು ಎಂದಳು. ಈ ಸಲ ಮಾತ್ರ ಹುಡುಗಿಯನ್ನು ಮನೆಗೆ ಕಳಿಸಲು ಪ್ಯಾಟ್ ಒಪ್ಪಲಿಲ್ಲ. ಅವಳ ಬರವಣಿಗೆ ನಿಂತ ಸಮಯವನ್ನು ನಿಯಮದ ಪ್ರಕಾರ ಬರೆದಿಟ್ಟಿದ್ದಳು. ಅಮೀನಾ ಪೂರ್ತಿ ಸುಧಾರಿಸಿಕೊಂಡು, ಇನ್ನು ಬರೆಯಬಹುದು ಎಂದು ನರ್ಸ್ ಹೇಳಿದ ಮೇಲೆ, ಉಳಿದ ಹೊತ್ತನ್ನು ಸಣ್ಣ ಕೋಣೆಯಲ್ಲಿ ಕೊಟ್ಟಳು. ನಾನು ಎದುರಿಗೆ ಕೂತೆ. ಆ ಹುಡುಗಿ ಬಿಸ್ಕೆಟ್ಟಿನ ಪುಡಿ ಒರೆಸಿಕೊಂಡು, ಹಲ್ಲು ಕಚ್ಚಿ, ತನ್ನ ಕೊನೆಯ ಲೆಕ್ಕ ಬಿಡಿಸಿದಳು. ನನ್ನ ಕಣ್ಣು ತುಂಬಿ ಬಂತು. ಆಗಸ್ಟಿನಲ್ಲಿ ಫಲಿತಾಂಶ ಬಂದಾಗ ಪಾಸಾಗಿದ್ದಳು.

ಅವತ್ತೇ, ಮನೆಗೆ ಹೋಗುವ ಮುಂಚೆ, ಅವಳನ್ನು ಕೇಳಿದ್ದೆ. ನೀನು ಕೈ ಎತ್ತಿದೆಯಾ?

“ಇಲ್ಲ ಮಿಸ್. ಏನೇ ಆದರೂ ಎತ್ತಬಾರದು ಅಂತ ತೀರ್ಮಾನ ಮಾಡಿದ್ದೆ. ಎತ್ತಿದ್ರೆ ನೀವು ಹೊರಗೆ ಕಳಿಸ್ತೀರಿ.” ಸ್ವಲ್ಪ ತಡೆದು ಅವಳೇ ಕೇಳಿದಳು, “ನನ್ನ ಹಿಂದೆ ಕೂತಿದ್ದೋರು ಮುಗಿಸಿದ್ರಾ? ಪುಟ ತಿರುಗಿಸ್ತಾನೇ ಇದ್ರು.”

ನಾನು ಅವಳ ಬ್ಯಾಗನ್ನು ಎತ್ತಿಕೊಟ್ಟೆ.

ಆ ಮೇಜಿನ ಹುಡುಗ ಪಕ್ಕದ ಬಡಾವಣೆ ಮಿಚಮ್ಮಿನ ತನ್ನ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದನೆಂದು ಮಧ್ಯಾಹ್ನ ಅವನ ತಾಯಿಯೇ ಫೋನಿನಲ್ಲಿ ಶಾಲೆಗೆ ಹೇಳಿದಳು. ಅವನ ಲೆಕ್ಕ ಚುಕ್ತಾ.

ಗಂಡ ಎಲ್ಲ ಕೇಳಿಸಿಕೊಂಡರು. “ಆಕಿಗೆ ಸಕ್ಕರಿ ಇಳದಿತ್ತು. ಅಂಥಾವ್ರಿಗೆ ಏನೇನೋ ಕೇಳಿಸ್ತದ, ಅದರಾಗ ಆಶ್ಚರ್ಯ ಏನದ? ನಿನ್ನ ಲಕ್ಷ್ಯನೂ ಆಕಿ ಮ್ಯಾಲೇ ಇತ್ತು. ಏನೋ ಸರಿ ಇಲ್ಲ ಅಂತ ನಿನ್ನ ಮನಸ್ಸಿಗೆ ಮೊದಲ ಹೊಳದದ.”

“ಹಂಗಿದ್ರ ಕೈ ಅಕಿ ಟೇಬಲ್ ಮ್ಯಾಲೆ ಕಾಣಬೇಕಿತ್ತಲ್ರೀ” ಎಂದೆ. “ಹಿಂದಿನ ಟೇಬಲ್ಲಿಗೆ ಯಾಕ ಹೋತು?”

“ನೀ ಮುಂಜಾನೆ ಏನು ತಿಂದಿದ್ದಿ?”

“ಎರಡು ಚಪಾತಿ, ಶೇಂಗಾ ಚಟ್ನಿ, ಮ್ಯಾಲೆ ಮೊಸರು.”

“ಹಂಗಾರ ನಿನ್ನ ಕೇಸು ನನ್ನ ಕೈಲಾಗೂದಲ್ಲ” ಎಂದು ಎದ್ದು ಹೋದರು.

ನಾನು ಬಿಡಲಿಲ್ಲ. ಹಾಸ್ಟೆಲ್ಲಿನ ಕಿಟಕಿಗೆ ಕಾಗದ ತುರುಕಿದವಳು ನಾನು. ಇದಕ್ಕೂ ಎಲ್ಲೋ ಒಂದು ಸಡಿಲ ಕೊಂಡಿ ಇರಲೇಬೇಕು ಎಂದು ಹಟ ತೊಟ್ಟೆ. ಮರುದಿನ ಪರೀಕ್ಷೆ ಇರಲಿಲ್ಲ, ಅದೇ ಹೊತ್ತಿಗೆ ಹೋಗಿ, ನಾನು ನಿಂತ ಜಾಗದಲ್ಲೇ ನಿಂತು ನೋಡಿದೆ. ಬಿಸಿಲು ಹಾಗೇ ಇತ್ತು. ಏಣಿಯ ನೆರಳು ಆ ಮೇಜಿನವರೆಗೆ ಬರುತ್ತಿರಲಿಲ್ಲ. ಪ್ಯಾಟ್‌ಳನ್ನು ಒಂದೊಂದೇ ಕುರ್ಚಿಯಲ್ಲಿ ಕೂರಿಸಿ ಕೈ ಎತ್ತಿಸಿದೆ. ಯಾವ ಕೈಯೂ ಬೇರೆ ಮೇಜಿನದೆಂದು ತೋರಲಿಲ್ಲ. ಕನ್ನಡಿ, ಗಾಜು, ಗೂಟಕ್ಕೆ ತೂಗುಹಾಕಿದ ಸ್ವೆಟರ್, ಎಲ್ಲ ಹುಡುಕಿದೆ. ಪ್ಯಾಟ್ ಯಾಕೆಂದು ಕೇಳದೆ ಹೇಳಿದಷ್ಟು ಮಾಡಿದಳು. ಕೊನೆಗೆ ಹೇಳಲೇಬೇಕಾಯಿತು.

“ಹಿಂದೆ ಹುಡುಗಿಯರಿಗೆ ಮರೂನ್ ಯೂನಿಫಾರ್ಮ್ ಇತ್ತಾ?” ಎಂದು ಕೇಳಿದೆ. ಹೌದು ಎಂದಿದ್ದರೆ ನಾನು ಅದನ್ನಾದರೂ ನಂಬಿ ಸುಮ್ಮನಾಗುತ್ತಿದ್ದೆ. ಆದರೆ ಪ್ಯಾಟ್ ತಲೆ ಅಲ್ಲಾಡಿಸಿದಳು. “ಶುರುವಿನಿಂದ ಕಡು ಹಸಿರು. ನಮ್ಮಮ್ಮನೂ ಅದನ್ನೇ ಹಾಕ್ತಿದ್ಲು” ಎಂದಳು. ಆಮೇಲೆ, ಯುದ್ಧದ ದಿನಗಳಲ್ಲಿ ಇಲ್ಲಿ ಬಂದು ಮಲಗಿದವರು ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡು ಬಂದಿರುತ್ತಾರೆ ಎಂದೂ ಸೇರಿಸಿದಳು. ಅದರಿಂದ ಏನು ಸಾಬೀತಾಯಿತು? ಏನೂ ಇಲ್ಲ. ದೆವ್ವವೆಂದರೂ ತಾಳೆಯಾಗುವುದಿಲ್ಲ, ಅಲ್ಲವೆಂದರೂ ಆಗುವುದಿಲ್ಲ.

ಈಗಲೂ ನಾನು ಅದೇ ಜಿಮ್ಮಿನಲ್ಲಿ ಪರೀಕ್ಷೆ ಕಾಯುತ್ತೇನೆ. ನೆಲ ಬದಲಾಗಿದೆ, ಹಗ್ಗಗಳನ್ನು ತೆಗೆದಿದ್ದಾರೆ. ಇಂಥ ಕಾಯಿಲೆಯ ಮಕ್ಕಳನ್ನು ಈಗ ಬಾಗಿಲ ಬಳಿಯೇ ಕೂರಿಸುತ್ತೇವೆ, ಕೈ ಎತ್ತಿದರೆ ಪರೀಕ್ಷೆ ಹೋಗುವುದಿಲ್ಲ ಎಂದು ಮೊದಲೇ ಹೇಳುತ್ತೇವೆ. ಅದಕ್ಕಾಗಿ ನಾನೂ ಪ್ಯಾಟೂ ಆಫೀಸಿನಲ್ಲಿ ಸಾಕಷ್ಟು ಜಗಳವಾಡಿದ್ದೇವೆ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ನಾನು ಹೇಳಿಕೊಡುವುದು ಒಂದೇ ಮಾತು. ಕೈ ಕಂಡರೆ ಹೋಗಿ, ಯಾರದೆಂದು ಆಮೇಲೆ ನೋಡಿ.

ನನಗೆ ಇವತ್ತಿಗೂ ಉತ್ತರ ಗೊತ್ತಿಲ್ಲ. ಒಂದು ಸಂಗತಿಯನ್ನು ಮಾತ್ರ ನಾನು ಪ್ರಮಾಣಿಸಿ ನೋಡಿದ್ದೇನೆ. ಆ ಮರುದಿನ, ಪ್ಯಾಟ್ ಹೊರಟುಹೋದ ಮೇಲೆ, ಹಾಲಿನ ಎಲ್ಲ ಕಡೆಯಿಂದಲೂ ಅಮೀನಾಳ ಮೇಜನ್ನು ನೋಡುತ್ತ ಬಂದೆ. ಎದುರಿನಿಂದ, ಬಾಗಿಲಿನಿಂದ, ನಾವು ಓಡಾಡುವ ದಾರಿಯಿಂದ. ಸುತ್ತ ಮಕ್ಕಳು ಕೂತು, ಅವಳೂ ಬಗ್ಗಿ ಬರೆಯುವಾಗ, ಎಲ್ಲಿಂದಲೂ ಅವಳು ಬರೆಯುವ ಜಾಗ ಕಾಣುವಂತಿರಲಿಲ್ಲ. ಕಡೆಗೆ ಆ ಖಾಲಿ ಕುರ್ಚಿಯನ್ನು ಎಳೆದು ಕೂತೆ. ಅಲ್ಲಿಂದ ಎಲ್ಲ ಕಾಣುತ್ತಿತ್ತು. ಹಾಳೆ ಎಲ್ಲಿ ಮುಗಿಯುತ್ತದೆ, ಮರ ಎಲ್ಲಿ ಶುರುವಾಗುತ್ತದೆ, ಅದರ ಮೇಲೆ ಆ ಹುಡುಗಿ ಗೀಚಿದ ಕಪ್ಪು ಗೆರೆಗಳು, ಎಲ್ಲ. ಇಡೀ ಹಾಲಿನಲ್ಲಿ ಅದು ಕಾಣುವ ಕುರ್ಚಿ ಅದೊಂದೇ. ಅಲ್ಲಿ ಅವತ್ತು ಯಾರೂ ಕೂತಿರಲಿಲ್ಲ.